ದಾದಿಯಾದವಳು ದ್ವೀಪಕ್ಕೆ ಹೋಗತಕ್ಕದ್ದೋ?

(ಗ್ರಾಮಸಭೆಗಳ ಕೂಟಗಳಲ್ಲಿ ಓದಿ ವಿಚಾರಿಸತಕ್ಕ ಪಾಠ)

ಓದತಕ್ಕ ವೇದಭಾಗಗಳು: ಯೋನ 1:1-3, ಮಾರ್ಕ 7:9-13, ಲೂಕ 14:28-30, ಅ. ಕೃ. 13:1-13, ಅ. ಕೃ. 28:1-11.

ನಮ್ಮ ಗ್ರಾಮಸಭೆಗಳಲ್ಲಿ ಈಗ ಒಂದು ಪ್ರಶ್ನೆಯು ಮೇಲಿಂದ ಮೇಲೆ ಹುಟ್ಟುತ್ತಲಿದೆ. ದಾದಿಯ ವಿದ್ಯೆಯನ್ನು ಕಲಿತ ಮಗಳಿಗೆ ಬಹರೈನ್ ದ್ವೀಪದಿಂದಲೋ, ಮಾಲ್ಟಾದಿಂದಲೋ, ಐರ್ಲೆಂಡಿನಿಂದಲೋ ಕೆಲಸದ ಕರೆ ಬರುತ್ತದೆ. ಆಗ ಮನೆಯಲ್ಲಿ ಎರಡು ಮಾತುಗಳು ಏಳುತ್ತವೆ. ಒಬ್ಬರು, ದೇವರು ಬಾಗಿಲು ತೆರೆದಿದ್ದಾನೆ, ಹೋಗದಿದ್ದರೆ ಪಾಪ, ಅನ್ನುತ್ತಾರೆ. ಇನ್ನೊಬ್ಬರು, ಹೆಣ್ಣು ಮಗಳು ಸಮುದ್ರ ದಾಟಿ ಅನ್ಯರ ನಡುವೆ ಒಂಟಿಯಾಗಿ ಇರುವದು ಸಲ್ಲದು, ಅನ್ನುತ್ತಾರೆ. ಹೋಗತಕ್ಕವಳು ಮಾತ್ರ ಇಬ್ಬರ ನಡುವೆ ಸುಮ್ಮನೆ ಕೂತಿರುತ್ತಾಳೆ. ಅವಳ ಮನಸ್ಸಿನಲ್ಲಿ ಏನಿದೆಯೆಂದು ಕೇಳುವವರು ಕಡಿಮೆ.

ಈ ಪ್ರಶ್ನೆಗೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರವನ್ನು ವೇದವು ಕೊಡುವದಿಲ್ಲ. ಆದರೆ ಉತ್ತರವನ್ನು ಹುಡುಕುವ ದಾರಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಆ ದಾರಿಯನ್ನು ಒಂದೊಂದು ಹೆಜ್ಜೆಯಾಗಿ ನೋಡೋಣ.

1. ದ್ವೀಪಗಳೂ ದೇವರ ಲೆಕ್ಕದಲ್ಲಿವೆ

ಅಂತಿಯೋಕ್ಯದ ಸಭೆಯು ಮೊದಲನೆಯ ಸಾರಿ ಸುವಾರ್ತಿಕರನ್ನು ಕಳುಹಿಸಿದಾಗ ಅವರು ಹಡಗು ಹತ್ತಿ ಹೋದದ್ದು ಒಂದು ದ್ವೀಪಕ್ಕೇ, ಅದು ಕುಪ್ರದ್ವೀಪ. ಬಾರ್ನಬನಿಗಾದರೋ ಅದು ಹುಟ್ಟೂರು (ಅ. ಕೃ. 4:36). ಪೌಲನಿಗೆ ಅದು ಸ್ವಂತ ನೆಲವಲ್ಲ. ಹೀಗೆ ಒಬ್ಬನಿಗೆ ತವರಾಗಿದ್ದ ಸ್ಥಳವು ಇನ್ನೊಬ್ಬನಿಗೆ ಪರದೇಶವಾಗಿದ್ದರೂ ಇಬ್ಬರೂ ಒಂದೇ ಕೆಲಸಕ್ಕೆ ಹೋದರು.

ಮತ್ತೊಂದು ದ್ವೀಪದ ಕಥೆಯು ರೋಗಿಯ ಹಾಸಿಗೆಯ ಬಳಿಯಲ್ಲಿ ನಡೆದದ್ದಾಗಿದೆ. ಪೌಲನಿದ್ದ ಹಡಗು ಒಡೆದು, ಅದರಲ್ಲಿದ್ದ 276 ಮಂದಿಯೂ ಮೆಲೀತೆಯ ದಡವನ್ನು ಸೇರಿದರು. ಈಗ ಮಾಲ್ಟಾ ಎಂದು ಕರೆಯಲ್ಪಡುವ ದ್ವೀಪವು ಇದೇ. ಮಳೆಯಲ್ಲಿ ನೆನೆದು ನಡುಗುತ್ತಿದ್ದವರಿಗೆ ಆ ಊರಿನವರು ಬೆಂಕಿ ಹೊತ್ತಿಸಿ ಉಪಚಾರ ಮಾಡಿದರು. ದ್ವೀಪದ ಮುಖ್ಯಸ್ಥನಾದ ಪೊಪ್ಲಿಯನ ತಂದೆಯು ಜ್ವರದಲ್ಲಿಯೂ ರಕ್ತಭೇದಿಯಲ್ಲಿಯೂ ಬಿದ್ದಿದ್ದನು. ಪೌಲನು ಅವನ ಕೋಣೆಯೊಳಗೆ ಹೋಗಿ, ಪ್ರಾರ್ಥಿಸಿ, ಅವನ ಮೇಲೆ ಕೈಯಿಟ್ಟಾಗ ಅವನಿಗೆ ಸ್ವಸ್ಥವಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ದ್ವೀಪದವರೇ ಮೊದಲು ಉಪಕಾರ ಮಾಡಿದರು; ಪೌಲನು ಆಮೇಲೆ ಮಾಡಿದನು. ಆದುದರಿಂದ ನಮ್ಮ ದಾದಿಯು ಹೋಗುವದಾದರೆ, ತಾನು ಕೊಡುವವಳು, ಅಲ್ಲಿಯವರು ಬೇಡುವವರು ಎಂದು ಭಾವಿಸಬಾರದು. ಅವಳು ಅವರ ನೀರನ್ನು ಕುಡಿಯುವಳು, ಅವರ ನೆಲದಲ್ಲಿ ಮಲಗುವಳು, ಅವರ ಮಾತನ್ನು ಕಲಿಯುವಳು. ಋಣವು ಎರಡು ಕಡೆಗೂ ಇರುವದು.

2. ಹಡಗು ಸಿಕ್ಕಿತೆಂಬದೇ ಕರೆಯಲ್ಲ

ಬಾಗಿಲು ತೆರೆದಿದೆ, ಆದುದರಿಂದ ಇದು ದೇವರ ಚಿತ್ತವೇ, ಎಂದು ಹೇಳುವವರು ಯೋನನನ್ನು ನೆನಸಲಿ. ಅವನು ಯೊಪ್ಪಕ್ಕೆ ಇಳಿದು ಹೋದ ಕೂಡಲೇ ಹಡಗು ಸಿಕ್ಕಿತು. ಪ್ರಯಾಣದ ದುಡ್ಡೂ ಕೈಯಲ್ಲಿತ್ತು. ಹೋಗುವದಕ್ಕೆ ಅಡ್ಡಿಯೊಂದೂ ಇರಲಿಲ್ಲ. ಆದರೂ ಅವನು ದೇವರ ಬಳಿಯಿಂದ ಓಡಿಹೋಗುತ್ತಿದ್ದನು. ಇದಕ್ಕೆ ಬದಲಾಗಿ, ಆಸ್ಯಸೀಮೆಗೂ ಬಿಥೂನ್ಯಕ್ಕೂ ಹೋಗಬೇಕೆಂದಿದ್ದ ಪೌಲನಿಗೆ ದಾರಿಯು ಮುಚ್ಚಲ್ಪಟ್ಟಿತು, ಆದರೂ ಅವನು ದೇವರ ಚಿತ್ತದಲ್ಲಿಯೇ ಇದ್ದನು (ಅ. ಕೃ. 16:6-10). ಆದಕಾರಣ ದಾರಿ ಸುಲಭವೋ ಕಷ್ಟವೋ ಎಂಬದರಿಂದ ಮಾತ್ರ ದೇವರ ಚಿತ್ತವನ್ನು ಅಳೆಯಕೂಡದು.

ಹಾಗಾದರೆ ಕೇಳತಕ್ಕ ಮೊದಲನೆಯ ಪ್ರಶ್ನೆ ಯಾವದು? ನಾನು ಯಾವದರ ಕಡೆಗೆ ಹೋಗುತ್ತೇನೆ, ಯಾವದರಿಂದ ಓಡುತ್ತೇನೆ, ಎಂಬದೇ. ಅತ್ತೆಯೊಂದಿಗೆ ಜಗಳ, ಸಭೆಯಲ್ಲಿ ಅವಮಾನ, ಮುರಿದುಹೋದ ಮದುವೆಯ ಮಾತು, ಇವುಗಳಿಂದ ತಪ್ಪಿಸಿಕೊಳ್ಳುವದಕ್ಕಾಗಿ ಮಾತ್ರ ಹೊರಡುವವಳಿಗೆ ಆ ದುಃಖವೂ ಪೆಟ್ಟಿಗೆಯೊಳಗೆ ಸೇರಿಕೊಂಡು ಜೊತೆಯಲ್ಲಿಯೇ ಬರುವದು. ಸಂಬಳಕ್ಕಾಗಿ ಹೋಗುವದು ತಪ್ಪೋ? ತಪ್ಪಲ್ಲ. ಸ್ವಂತ ಮನೆಯವರನ್ನು ಪೋಷಿಸಬೇಕೆಂದು ಅಪೊಸ್ತಲನು ಖಂಡಿತವಾಗಿ ಬರೆದಿದ್ದಾನೆ (1 ತಿಮೊ. 5:8). ಆದರೆ ಸಂಬಳಕ್ಕಾಗಿ ಹೋಗುವವಳು, ಸಂಬಳಕ್ಕಾಗಿ ಹೋಗುತ್ತೇನೆಂದು ದೇವರ ಮುಂದೆ ನೇರವಾಗಿ ಹೇಳಲಿ. ಅದಕ್ಕೆ ಸುವಾರ್ತೆಯ ಅಂಗಿಯನ್ನು ತೊಡಿಸುವದು ಬೇಡ. ದುಡಿಮೆಯು ಪ್ರಾಮಾಣಿಕವಾಗಿದ್ದರೆ ಅದೇ ದೇವರಿಗೆ ಮೆಚ್ಚಿಗೆಯಾದ ಸೇವೆಯಾಗುವದು.

3. ಬಹರೈನಿನಲ್ಲಿ ಒಬ್ಬ ದಾದಿ

ಈ ವಿಷಯದಲ್ಲಿ ಒಂದು ನಿಜವಾದ ಚರಿತ್ರೆಯನ್ನು ನಮ್ಮ ಸಭೆಗಳು ತಿಳಿದಿರುವದು ಒಳ್ಳೇದು. ಏಮಿ ವಿಲ್ಕ್ಸ್ ಎಂಬವಳು ದಾದಿಯ ಕೆಲಸವನ್ನು ಕಲಿತು, ಆಸ್ಟ್ರೇಲಿಯಾದಿಂದ ಚರ್ಚ್ ಮಿಷನರಿ ಸೊಸೈಟಿಯ ಮೂಲಕ ಬಾಗ್ದಾದಿಗೆ ಬಂದಳು. ಅಮೇರಿಕದ ಅರಬಿ ಮಿಶನಿನ ಸಾಮುವೇಲ್ ಜ್ವೇಮರ್ ಎಂಬವನು 1892ರಲ್ಲಿಯೇ ಬಹರೈನಿಗೆ ಬಂದು ನೆಲೆಸಿದ್ದನು. 1896ರಲ್ಲಿ ಇವರಿಬ್ಬರ ವಿವಾಹವಾಯಿತು. ಹೇಳಿದಷ್ಟು ಕಾಲ ಸೇವೆ ಮಾಡದೆ ಬಿಡುವವರು ಪ್ರಯಾಣದ ಖರ್ಚಿನಲ್ಲಿ ಒಂದು ಪಾಲನ್ನು ಹಿಂದಕ್ಕೆ ಕೊಡಬೇಕೆಂಬ ನಿಯಮವು ಅವಳ ಸೊಸೈಟಿಯಲ್ಲಿತ್ತು. ಆ ಹಣವು ಸಲ್ಲಿಸಲ್ಪಟ್ಟ ಮೇಲೆಯೇ ಅವಳು ಬಿಡುಗಡೆ ಹೊಂದಿದಳು. ಕರಾರು ಎಂಬದು ಇಂದಿನ ಮಾತಲ್ಲ; ದೇವರ ಸೇವಕಿಯೂ ಅದನ್ನು ತೀರಿಸಬೇಕಾಗಿತ್ತು.

ಆ ದ್ವೀಪವು ಆಗ ಮುತ್ತಿನ ವ್ಯಾಪಾರದಿಂದ ಬದುಕುತ್ತಿತ್ತು. ಅಲ್ಲಿ ಹೊಳೆಯಿಲ್ಲ, ಬೇಸಿಗೆಯ ಉರಿಯು ಸಹಿಸಲಸಾಧ್ಯ. ಪರಪುರುಷನಾದ ವೈದ್ಯನ ಮುಂದೆ ಬಾರದ ಸ್ತ್ರೀಯರ ಬಳಿಗೆ ಏಮಿಯು ಹೋಗಬಹುದಾಗಿತ್ತು. 1903ರಲ್ಲಿ ಅಲ್ಲಿ ಮೇಸನ್ ಸ್ಮಾರಕ ಆಸ್ಪತ್ರೆಯು ತೆರೆಯಲ್ಪಟ್ಟಿತು. ಡಾಕ್ಟರ್ ಶಾರನ್ ಥಾಮ್ಸ್ ಎಂಬವನೂ ಅವನ ಹೆಂಡತಿಯಾದ ಡಾಕ್ಟರ್ ಮೇರಿಯನ್ ಥಾಮ್ಸಳೂ ಅದರಲ್ಲಿ ದುಡಿದರು.

ಮರು ವರುಷ, 1904ರ ಜುಲೈ ತಿಂಗಳಲ್ಲಿ, ಜ್ವೇಮರ್ ದಂಪತಿಗಳ ಇಬ್ಬರು ಹೆಣ್ಣುಮಕ್ಕಳು ರಕ್ತಭೇದಿಯಿಂದ ತೀರಿಕೊಂಡರು. ರೂತ್ ಎಂಬವಳಿಗೆ 4 ವರುಷ, ಕಥರೀನಾ ಎಂಬವಳಿಗೆ 7 ವರುಷ. ಎರಡು ಮರಣಗಳ ನಡುವೆ ಸುಮಾರು ಒಂದು ವಾರ ಮಾತ್ರ. 1905ರಲ್ಲಿ ಡಾಕ್ಟರ್ ಮೇರಿಯನ್ ಥಾಮ್ಸಳೂ ವಿಷಮಶೀತಜ್ವರದಿಂದ ಅದೇ ದ್ವೀಪದಲ್ಲಿ ಪ್ರಾಣಬಿಟ್ಟಳು.

ಪ್ರಿಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಮೆಲೀತೆ ದ್ವೀಪದಲ್ಲಿ ಪೊಪ್ಲಿಯನ ಮುದಿತಂದೆಯು ರಕ್ತಭೇದಿಯಿಂದ ಎದ್ದನು. ಬಹರೈನ್ ದ್ವೀಪದಲ್ಲಿ ದೇವರ ಸೇವಕರ ಎಳೆಯ ಮಕ್ಕಳು ಅದೇ ರೋಗದಿಂದ ಏಳಲಿಲ್ಲ. ತಾಯಿಯು ದಾದಿಯಾಗಿದ್ದಳು, ಆಸ್ಪತ್ರೆಯು ಹತ್ತಿರವಿತ್ತು, ಪ್ರಾರ್ಥನೆಗೆ ಕೊರತೆಯಿರಲಿಲ್ಲ. ಅವರು ದೇವರ ಚಿತ್ತವನ್ನು ತಪ್ಪಿ ಹೋದದ್ದರಿಂದ ಹೀಗಾಯಿತೆಂದು ಹೇಳುವ ಅಧಿಕಾರವು ನಮಗಿಲ್ಲ. ಯೋಬನ ಸ್ನೇಹಿತರು ಹಾಗೆ ಮಾತಾಡಿ ದೇವರಿಂದ ಗದರಿಸಲ್ಪಟ್ಟರು. ತಂದೆತಾಯಿಗಳು ಮಕ್ಕಳ ಸಮಾಧಿಯ ಮೇಲೆ ಪ್ರಕಟನೆ 5ನೆಯ ಅಧ್ಯಾಯದ ಸ್ತೋತ್ರದಿಂದ ತೆಗೆದ ಮಾತನ್ನು ಕೆತ್ತಿಸಿದರು. ಆಮೇಲೆ ಅಮೇರಿಕಕ್ಕೆ ಹೋಗಿದ್ದ ಅವರು 1910ರಲ್ಲಿ ತಿರಿಗಿ ಅದೇ ದ್ವೀಪಕ್ಕೆ ಬಂದರು. 1912ರಲ್ಲಿ ಕೈರೋ ಪಟ್ಟಣಕ್ಕೆ ಹೋದರು.

ಇದರಿಂದ ಕಲಿಯತಕ್ಕದ್ದೇನಂದರೆ: ದೇವರು ಕರೆದನೆಂಬದು ಕೇಡು ತಟ್ಟದೆಂಬ ಚೀಟಿಯಲ್ಲ, ಕೇಡು ತಟ್ಟಿತೆಂಬದು ದೇವರು ಕರೆಯಲಿಲ್ಲವೆಂಬದಕ್ಕೆ ಸಾಕ್ಷಿಯೂ ಅಲ್ಲ. ಹೋಗುವವಳು ಈ ಎರಡನ್ನೂ ತಿಳಿದೇ ಹೋಗಲಿ.

ಇಂದಿನ ಬಹರೈನು ಆ ಕಾಲದ್ದಲ್ಲ. 1932ರಲ್ಲಿ ಅಲ್ಲಿ ಎಣ್ಣೆಯು ಸಿಕ್ಕಿತು. 1971ರಲ್ಲಿ ಅದು ಸ್ವತಂತ್ರವಾಯಿತು. 1986ರಲ್ಲಿ ಸಮುದ್ರದ ಮೇಲೆ ಸೌದಿ ಅರೇಬಿಯಾಕ್ಕೆ ಸೇತುವೆಯ ದಾರಿಯು ತೆರೆಯಿತು. ಮಿಶನಿನವರ ಆ ಚಿಕ್ಕ ಆಸ್ಪತ್ರೆಯು ಅಮೇರಿಕನ್ ಮಿಶನ್ ಆಸ್ಪತ್ರೆಯೆಂಬ ಹೆಸರಿನಲ್ಲಿ ಬೆಳೆದು ನಿಂತಿದೆ. ದ್ವೀಪದಲ್ಲಿ ಕ್ರೈಸ್ತರು ಕೂಡಿ ಆರಾಧಿಸುವ ಸಭೆಗಳಿವೆ. ಕನ್ನಡಿಗರ ಸಂಘವೂ ಉಂಟು. ಆದರೂ ಅದು ಇಸ್ಲಾಂ ಮತದವರ ದೇಶವಾಗಿದೆ. ರೋಗಿಯ ಹಾಸಿಗೆಯನ್ನು ಉಪದೇಶದ ಪೀಠವನ್ನಾಗಿ ಮಾಡುವದು ಅಲ್ಲಿ ನ್ಯಾಯಕ್ಕೂ ಸಲ್ಲದು, ಪ್ರೀತಿಗೂ ಸಲ್ಲದು. ನಡುರಾತ್ರಿಯಲ್ಲಿ ಬೇಸರವಿಲ್ಲದೆ ಹಾಸಿಗೆಯ ಬಟ್ಟೆ ಬದಲಾಯಿಸುವ ಕೈಯೇ ಆಕೆಯ ಸಾಕ್ಷಿಯಾಗಿರಲಿ.

4. ಗೋಪುರದ ಲೆಕ್ಕ

ಗೋಪುರವನ್ನು ಕಟ್ಟುವವನು ಮೊದಲು ಕೂತುಕೊಂಡು ಖರ್ಚನ್ನು ಲೆಕ್ಕಿಸಬೇಕೆಂದು ಕರ್ತನು ಕಲಿಸಿದನು. ಲೆಕ್ಕ ಮಾಡುವದು ಅಪನಂಬಿಕೆಯೆಂದು ಎಣಿಸುವವರು ಈ ಮಾತನ್ನು ಮರೆಯುತ್ತಾರೆ.

2015ರಲ್ಲಿ ಕೇರಳದಲ್ಲಿ ದೊಡ್ಡ ಮೋಸವೊಂದು ಬೆಳಕಿಗೆ ಬಂತು. ಕುವೈತಿಗೆ ಹೋಗುವ ದಾದಿಯರಿಂದ ಕಾನೂನಿನಂತೆ ಸುಮಾರು 19,500 ರೂಪಾಯಿ ಮಾತ್ರ ತೆಗೆದುಕೊಳ್ಳಬೇಕಾಗಿದ್ದಲ್ಲಿ, ಒಬ್ಬೊಬ್ಬಳಿಂದ 19 ಲಕ್ಷಕ್ಕೂ ಮಿಕ್ಕಿ ಸುಲಿದರೆಂದು ಕೇಂದ್ರದ ತನಿಖಾ ದಳವು ಮೊಕದ್ದಮೆ ಹೂಡಿತು. ಅಂದರೆ ನೂರು ಪಾಲು! ಎಷ್ಟು ಮನೆಗಳ ಹೊಲ, ಬಂಗಾರ, ಹಿತ್ತಲು ಇದಕ್ಕಾಗಿ ಅಡವಿಗೆ ಬಿದ್ದಿರಬೇಕು! ಅದೇ ವರುಷ ಭಾರತ ಸರಕಾರವು, ಬಹರೈನೂ ಸೇರಿ 18 ದೇಶಗಳಿಗೆ ಹೋಗುವ ದಾದಿಯರು ವಲಸೆಯ ಅನುಮತಿಯನ್ನು ಪಡೆಯಲೇಬೇಕೆಂದು ವಿಧಿಸಿ, ಅವರ ನೇಮಕವನ್ನು ಕೇರಳದ ನೋರ್ಕಾ ಮೊದಲಾದ ಸರಕಾರೀ ಸಂಸ್ಥೆಗಳ ಕೈಗೆ ಒಪ್ಪಿಸಿತು.

ಆದುದರಿಂದ ಸಭೆಯ ಹಿರಿಯರು ಈ ಸಂಗತಿಗಳನ್ನು ಒಂದೊಂದಾಗಿ ವಿಚಾರಿಸಲಿ:

ಒಂದನೆಯದು, ಕರಾರು ಪತ್ರವು ಕೈಯಲ್ಲಿದೆಯೋ? ಅದರಲ್ಲಿ ಆಸ್ಪತ್ರೆಯ ಹೆಸರು, ಸಂಬಳ, ದಿನದ ಕೆಲಸದ ತಾಸುಗಳು, ವಾಸಸ್ಥಳ, ರಜೆ, ಹಿಂತಿರುಗುವ ಪ್ರಯಾಣದ ಖರ್ಚು ಇವೆಲ್ಲ ಬರೆದಿವೆಯೋ? ಅವಧಿಗೆ ಮೊದಲು ಬಿಟ್ಟರೆ ಏನು ಕೊಡಬೇಕು?

ಎರಡನೆಯದು, ಹೋಗುವದು ದಾದಿಯ ಕೆಲಸಕ್ಕೋ, ಅಥವಾ ಆ ಹೆಸರಿನಿಂದ ಮನೆಗೆಲಸಕ್ಕೋ? ಬಹರೈನಿನಲ್ಲಿ ದಾದಿಯಾಗಿ ದುಡಿಯಬೇಕಾದರೆ ಅಲ್ಲಿಯ ಆರೋಗ್ಯ ಪ್ರಾಧಿಕಾರದ ಪರವಾನಗಿ ಬೇಕು. ಅದಕ್ಕಾಗಿ ಓದಿದ ಶಾಲೆಯ ಪ್ರಮಾಣಪತ್ರಗಳೂ ಕೆಲಸ ಮಾಡಿದ ಆಸ್ಪತ್ರೆಯ ಪತ್ರಗಳೂ ಪರಿಶೀಲಿಸಲ್ಪಡುತ್ತವೆ. ಇದೊಂದೂ ಬೇಡ, ಬರಿಯ ಸಂದರ್ಶಕರ ವೀಸಾದಲ್ಲಿ ಹೋದರೆ ಸಾಕು, ಎಂದು ಹೇಳುವ ದಲ್ಲಾಳಿಯನ್ನು ಬಾಗಿಲಿನಿಂದಲೇ ಕಳುಹಿಸಿಬಿಡತಕ್ಕದ್ದು.

ಮೂರನೆಯದು, ಸಾಲವೆಷ್ಟು? ಬಡ್ಡಿಯೆಷ್ಟು? ಎಷ್ಟು ತಿಂಗಳ ಸಂಬಳವು ಸಾಲಕ್ಕೇ ಹೋಗುವದು? ಇದನ್ನು ಬಾಯಲ್ಲಿ ಹೇಳದೆ ಕಾಗದದ ಮೇಲೆ ಬರೆದು ನೋಡಬೇಕು. ಸಾಲ ಹೊತ್ತು ಹೋದವಳು ಅನ್ಯಾಯವನ್ನು ಕಂಡರೂ ಬಾಯಿ ತೆರೆಯಲಾರಳು. ಕೆಲಸ ಬಿಟ್ಟು ಬರಲಾರಳು.

ನಾಲ್ಕನೆಯದು, ಪಾಸ್‌ಪೋರ್ಟು, ಕರಾರು, ಪ್ರಮಾಣಪತ್ರ ಇವುಗಳ ನಕಲು ಮನೆಯಲ್ಲಿ ಉಳಿದಿದೆಯೋ? ಮನಾಮಾ ಪಟ್ಟಣದಲ್ಲಿರುವ ಭಾರತದ ರಾಯಭಾರ ಕಚೇರಿಯ ವಿಳಾಸವು ಅವಳ ಹತ್ತಿರ ಬರೆದಿದೆಯೋ?

ನಮ್ಮ ಸೀಮೆಯ ಒಂದು ಚಿಕ್ಕ ಸಭೆಯಲ್ಲಿ ಹೀಗೆ ವಿಚಾರಿಸಿದ್ದರಿಂದ ಒಬ್ಬ ಸಹೋದರಿಯು ಉಳಿದುಕೊಂಡಳು. ಅಣ್ಣನ ಮದುವೆಯ ಸಾಲ ತೀರಿಸಲಿಕ್ಕೆ ಅವಳನ್ನು ಕಳುಹಿಸಬೇಕೆಂದು ತಂದೆಯು ನಿಶ್ಚಯಿಸಿದ್ದನು. ದಲ್ಲಾಳಿಯು 6 ಲಕ್ಷ ರೂಪಾಯಿ ಕೇಳಿದ್ದನು. ಹಿರಿಯನೊಬ್ಬನು ಕರಾರನ್ನು ತೋರಿಸೆಂದಾಗ ಅದರಲ್ಲಿ ಆಸ್ಪತ್ರೆಯ ಹೆಸರೇ ಇರಲಿಲ್ಲ. ಆಗ ಅದೇ ಹಿರಿಯನು ಹುಡುಗಿಯ ಕಡೆಗೆ ತಿರುಗಿ, ಮಗಳೇ, ನಿನ್ನ ಮನಸ್ಸೇನಮ್ಮಾ, ಎಂದು ಕೇಳಿದನು. ಅವಳು, ಅಪ್ಪನ ಸಾಲವನ್ನು ನಾನು ತೀರಿಸುತ್ತೇನೆ ಅಯ್ಯಾ, ಆದರೆ ಈ ಕಾಗದದ ಮೇಲೆ ಹೋಗಲಿಕ್ಕೆ ನನಗೆ ಹೆದರಿಕೆ, ಅಂದಳು. ಅವಳಿಗೆ ಬಾಯಿದೆಯೆಂದು ಆ ಮನೆಗೆ ಅಂದು ಗೊತ್ತಾಯಿತು. ಅವಳು ಎರಡು ವರುಷ ಇಲ್ಲಿಯೇ ದುಡಿದು, ಅನುಭವದ ಪತ್ರವನ್ನು ಪಡೆದು, ಆಮೇಲೆ ಸರಕಾರದ ಸಂಸ್ಥೆಯ ಮೂಲಕ ಹೊಲವನ್ನು ಅಡವಿಡದೆ ಹೋದಳು. ತಡವಾದದ್ದು ನಷ್ಟವಾಗಲಿಲ್ಲ.

5. ಮನೆಯಲ್ಲಿ ಉಳಿಯುವವರು

ದೇವರಿಗೆ ಕೊರ್ಬಾನ್ ಎಂದು ಹೇಳಿ ತಂದೆತಾಯಿಗಳಿಗೆ ಸಲ್ಲತಕ್ಕದ್ದನ್ನು ತಪ್ಪಿಸಿದವರನ್ನು ಕರ್ತನು ಕಠಿಣವಾಗಿ ಗದರಿಸಿದನು. ಆದುದರಿಂದ ಕಣ್ಣು ಮಂದವಾದ ತಾಯಿಯನ್ನಾಗಲಿ ಹಾಲು ಬಿಡದ ಕೂಸನ್ನಾಗಲಿ ಬಿಟ್ಟು ಹೋಗುವವಳು, ಅವರನ್ನು ಯಾರು ನೋಡುವರೆಂಬದನ್ನು ಹೆಸರು ಹಿಡಿದು ಹೇಳಬಲ್ಲವಳಾಗಿರಬೇಕು. ಯಾರಾದರೂ ನೋಡುತ್ತಾರೆ, ಎಂಬದು ಉತ್ತರವಲ್ಲ. ತಿಂಗಳಿಗೊಮ್ಮೆ ಬರುವ ಹಣವು ಔಷಧವನ್ನು ಕೊಳ್ಳಬಹುದು. ರಾತ್ರಿಯಲ್ಲಿ ಎದ್ದು ನೀರು ಕೊಡಲಾರದು.

ಆದರೆ ಈ ಮಾತಿಗೆ ಇನ್ನೊಂದು ಮುಖವುಂಟು. ಗಂಡುಮಕ್ಕಳು ಬೊಂಬಾಯಿಗೂ ಬೆಂಗಳೂರಿಗೂ ಹೋದಾಗ ಈ ಪ್ರಶ್ನೆಯನ್ನು ಯಾರೂ ಕೇಳುವದಿಲ್ಲ. ಮಗಳು ಹೊರಟಾಗ ಮಾತ್ರ ಎಲ್ಲರಿಗೂ ವೃದ್ಧರ ನೆನಪಾಗುತ್ತದೆ. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯು ಮಗನಿಗೂ ಮಗಳಿಗೂ ಒಂದೇ. ಅಣ್ಣತಮ್ಮಂದಿರು ಆ ಭಾರದಲ್ಲಿ ತಮ್ಮ ಪಾಲನ್ನು ಹೊರಲಿ. ಮತ್ತು ಮಗಳು ಕಳುಹಿಸಿದ ಹಣದಿಂದ ಮನೆಗೆ ಹೆಂಚು ಹೊದಿಸಿ, ಅವಳ ಮದುವೆಯ ಮಾತನ್ನು ವರುಷದಿಂದ ವರುಷಕ್ಕೆ ಮುಂದೂಡುವ ತಂದೆಯು, ತಾನು ಮಗಳನ್ನು ಕಳುಹಿಸಿದೆನೋ ಮಾರಿದೆನೋ ಎಂದು ದೇವರ ಮುಂದೆ ತನ್ನನ್ನು ಪರೀಕ್ಷಿಸಿಕೊಳ್ಳಲಿ.

6. ಸಭೆಯು ಕಳುಹಿಸಲಿ

ಅಂತಿಯೋಕ್ಯದವರು ಉಪವಾಸವಿದ್ದು, ಪ್ರಾರ್ಥಿಸಿ, ಕೈಗಳನ್ನಿಟ್ಟು ಕಳುಹಿಸಿದರು. ನಮ್ಮಲ್ಲಿ ಹೆಚ್ಚಾಗಿ ನಡೆಯುವದು ಹಾಗಲ್ಲ. ದೃಷ್ಟಿ ತಗಲೀತು, ಹೊಟ್ಟೆಕಿಚ್ಚು ಪಟ್ಟಾರು, ಎಂದು ಗುಟ್ಟಾಗಿ ಕಳುಹಿಸುತ್ತಾರೆ. ಅಲ್ಲಿ ಕಷ್ಟ ಬಂದಾಗ ಹೇಳಿಕೊಳ್ಳಲಿಕ್ಕೆ ಅವಳಿಗೆ ಯಾರೂ ಇರುವದಿಲ್ಲ. ಇದು ಬೇಡ. ಹೊರಡುವ ಮುಂಚೆ ಸಭೆಯ ಮುಂದೆ ಅವಳಿಗಾಗಿ ಪ್ರಾರ್ಥನೆಯಾಗಲಿ. ಸ್ತ್ರೀಯರ ಕೂಟದವರಲ್ಲಿ ಒಬ್ಬಳು ವಾರಕ್ಕೊಮ್ಮೆ ಅವಳೊಂದಿಗೆ ಮಾತಾಡುವ ಹೊಣೆಯನ್ನು ಹೊರಲಿ. ಅಲ್ಲಿಯ ಸಭೆಗೆ ಪಾಳಕರು ಪರಿಚಯದ ಪತ್ರವನ್ನು ಬರೆದು ಕೊಡಲಿ.

ಹಿಂದಿರುಗಿ ಬಂದವಳನ್ನು ಹೇಗೆ ಕಾಣಬೇಕು? ಕುಪ್ರದ ಪ್ರಯಾಣದಲ್ಲಿ ಜೊತೆಗಿದ್ದ ಯೋಹಾನನೆಂಬ ಮಾರ್ಕನು ಪೆರ್ಗೆಯಿಂದ ಮನೆಗೆ ತಿರುಗಿದನು. ಪೌಲನಿಗೆ ಅದು ಹಿಡಿಸಲಿಲ್ಲ. ಆದರೆ ಅದೇ ಪೌಲನು ತನ್ನ ಕೊನೆಯ ದಿನಗಳಲ್ಲಿ ಮಾರ್ಕನು ತನಗೆ ಉಪಯುಕ್ತನೆಂದು ಬರೆದು ಅವನನ್ನು ಕರೆಸಿಕೊಂಡನು (2 ತಿಮೊ. 4:11). ಅವಧಿಗೆ ಮೊದಲು ಬಂದ ಮಗಳನ್ನು, ಸೋತು ಬಂದವಳೆಂದು ಬಾವಿಯ ಕಟ್ಟೆಯಲ್ಲಿ ಆಡಿಕೊಳ್ಳಬೇಡಿರಿ. ಬಾಗಿಲು ತೆರೆದಿದೆಯೆಂದು ಗೊತ್ತಿದ್ದರೆ ಮಾತ್ರ ಅವಳು ಅಪಾಯದಿಂದ ತಪ್ಪಿಸಿಕೊಂಡು ಬರುವಳು.

7. ಉಳಿಯುವವಳಿಗೂ ಕರೆಯುಂಟು

ಏವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆಯು ಸಮುದ್ರ ದಾಟಿ ಬಂದದ್ದರಿಂದ 1923ರಲ್ಲಿ ಉಡುಪಿಯಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಆಸ್ಪತ್ರೆಯಾಯಿತು. ಅವಳ ಊರಿನವರು ಅವಳನ್ನು ತಡೆದಿದ್ದರೆ ನಮ್ಮ ಎಷ್ಟೋ ತಾಯಂದಿರು ಬದುಕುತ್ತಿರಲಿಲ್ಲ. ಆದಕಾರಣ, ಹೆಣ್ಣು ಸಮುದ್ರ ದಾಟಬಾರದೆಂಬ ಮಾತನ್ನು ಇತರರು ಆಡಿದರೂ ನಾವು ಆಡಕೂಡದು. ನಾವು ಅಂಥ ದಾಟುವಿಕೆಯ ಫಲವನ್ನು ಉಂಡವರು.

ಆದರೆ ದ್ವೀಪಗಳು ಸಮುದ್ರದಲ್ಲಿ ಮಾತ್ರವೇ ಇಲ್ಲ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನಲ್ಲಿ ಕೃಷ್ಣಾನದಿಯ ನಡುಗಡ್ಡೆಗಳ ಮೇಲೆ ಜನರು ವಾಸಿಸುತ್ತಾರೆ. ಹೊಳೆ ತುಂಬಿದಾಗ ಬಸುರಿಯನ್ನು ದಡಕ್ಕೆ ಸಾಗಿಸುವದು ಪ್ರಾಣಸಂಕಟ. ರಾತ್ರಿ ವಾಹನವಿಲ್ಲದ ಪ್ರತಿಯೊಂದು ಕೇರಿಯೂ ರೋಗಿಗೆ ದ್ವೀಪವೇ. ಇಂಥ ಸ್ಥಳದಲ್ಲಿ ಕಡಿಮೆ ಸಂಬಳಕ್ಕೆ ಉಳಿದ ದಾದಿಯನ್ನು, ಅವಕಾಶ ಸಿಕ್ಕದೆ ಉಳಿದವಳೆಂದು ತಾತ್ಸಾರ ಮಾಡಬಾರದು. ಅಂತಿಯೋಕ್ಯದಲ್ಲಿ ಐದು ಮಂದಿಯ ಹೆಸರುಗಳಿವೆ; ಹಡಗು ಹತ್ತಿದವರು ಇಬ್ಬರು; ಸಿಮೆಯೋನನೂ ಲೂಕ್ಯನೂ ಮೆನಹೇನನೂ ಉಳಿದರು. ಆತ್ಮನು ಉಳಿದವರ ಮೂಲಕವೂ ಆ ಸಭೆಯಲ್ಲಿ ಕಾರ್ಯನಡಿಸಿದನು.

ಹೀಗಿರಲಾಗಿ, ದಾದಿಯಾದವಳು ದ್ವೀಪಕ್ಕೆ ಹೋಗತಕ್ಕದ್ದೋ ಎಂಬ ಪ್ರಶ್ನೆಗೆ ನಮ್ಮ ಉತ್ತರವು ಇದು: ಅವಳ ಸ್ವಂತ ಮನಸ್ಸು ಒಪ್ಪಿದ್ದರೆ, ಅವಳು ಓಡಿಹೋಗುವವಳಾಗಿರದಿದ್ದರೆ, ಕರಾರು ನೆಟ್ಟಗಿದ್ದರೆ, ಸಾಲವು ಕುತ್ತಿಗೆಗೆ ಉರುಲಾಗದಿದ್ದರೆ, ಮನೆಯ ವೃದ್ಧರಿಗೂ ಕೂಸುಗಳಿಗೂ ಹೆಸರು ಹೇಳಬಹುದಾದ ಆಸರೆಯಿದ್ದರೆ, ಸಭೆಯು ತಿಳಿದು ಕಳುಹಿಸಿದರೆ, ಅವಳು ಸಮಾಧಾನದಿಂದ ಹೋಗಲಿ. ಇವುಗಳಲ್ಲಿ ಒಂದು ತಪ್ಪಿದ್ದರೂ ಅದು ಸರಿಯಾಗುವ ತನಕ ಕಾಯಲಿ. ಕಾಯುವದರಿಂದ ದೇವರ ಕರೆಯು ಕೆಟ್ಟುಹೋಗುವದಿಲ್ಲ. ಅವಸರಪಡಿಸುವವನು ಹೆಚ್ಚಾಗಿ ದಲ್ಲಾಳಿಯೇ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಯೋನನ ಪ್ರಯಾಣಕ್ಕೂ ಪೌಲ ಬಾರ್ನಬರ ಪ್ರಯಾಣಕ್ಕೂ ಇರುವ ವ್ಯತ್ಯಾಸವೇನು?

2. ಜ್ವೇಮರ್ ದಂಪತಿಗಳ ಮಕ್ಕಳ ಮರಣದಿಂದ ನಾವು ಯಾವ ತೀರ್ಪನ್ನು ಮಾಡಬಾರದು? ಯಾಕೆ?

3. ನಮ್ಮ ಸಭೆಯಿಂದ ಹೊರದೇಶಕ್ಕೆ ಹೋದವರು ಎಷ್ಟು ಮಂದಿ? ಅವರ ಹೆಸರು ಹಿಡಿದು ಕಳೆದ ತಿಂಗಳಲ್ಲಿ ಎಷ್ಟು ಸಾರಿ ಪ್ರಾರ್ಥಿಸಿದೆವು?

4. ಅವರ ವೃದ್ಧ ತಂದೆತಾಯಿಗಳ ಮನೆಗೆ ಈ ವಾರ ನಮ್ಮಲ್ಲಿ ಯಾರು ಹೋಗುವರು?

ನಾಲ್ಕನೆಯ ಪ್ರಶ್ನೆಗೆ ಉತ್ತರವನ್ನು ಕೂಟವು ಮುಗಿಯುವದಕ್ಕೆ ಮೊದಲೇ ಬರೆದಿಡತಕ್ಕದ್ದು.